ದೌಂಡದಲ್ಲೇ ಉಳಿದರೆ ಏನು ನಷ್ಟ?

ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಎಷ್ಟೋ ವರ್ಷ ದೌಂಡದಲ್ಲಿ ನಿಂತು, ಇಂಜಿನ್ ಬದಲಿಸಿಕೊಂಡು, ಬಂದ ದಿಕ್ಕಿಗೇ ಮುಖ ಮಾಡಿ ಮನ್ಮಾಡ್ ದಾರಿ ಹಿಡಿಯುತ್ತಿತ್ತು. ಆ ಬಿಡುವಿನಲ್ಲಿ ಇಳಿದು ಚಹಾ ಕುಡಿದ ಕನ್ನಡಿಗರಿಗೆ ಲೆಕ್ಕವಿಲ್ಲ. ಈಗ ಆ ತಿರುವನ್ನೇ ತಪ್ಪಿಸುವ ಕಾರ್ಡ್ ಲೈನ್ ಬಂದಿದೆ. ಗಾಡಿಗೆ ಅದು ಒಳ್ಳೆಯದೇ. ಮನುಷ್ಯರಿಗೂ ಅದೇ ನಿಯಮ ಹಚ್ಚುವವರ ಜೊತೆಗೆ ಮಾತ್ರ ಜಗಳ.

ಪುಣೆಯಿಂದ ಸುಮಾರು 75 ಕಿಲೋಮೀಟರ್ ದೂರದ ದೌಂಡ 2024ರ ತನಕ ಸೊಲ್ಲಾಪುರ ರೈಲ್ವೆ ವಿಭಾಗದಲ್ಲಿತ್ತು. ಕಲಬುರಗಿಯೂ ಅದೇ ವಿಭಾಗದ್ದು. ಆ ಕಡೆಯಿಂದ ನೌಕರಿ ಹಿಡಿದು ಇಲ್ಲಿಗೆ ಬಂದ ಒಬ್ಬ ಗುಮಾಸ್ತ ಇದ್ದಾನೆ ಎಂದುಕೊಳ್ಳಿ. ವಯಸ್ಸು 34. ಸಂಜೆ ಆರಕ್ಕೆಲ್ಲ ಕ್ವಾರ್ಟರ್ಸಿಗೆ ಮರಳುತ್ತಾನೆ, ಮಗಳಿಗೆ ಸೈಕಲ್ ಕಲಿಸುತ್ತಾನೆ. ಅವನ ಮುಂದೆ ಮೂರು ದಾರಿ. ಇಲಾಖೆಯ ಪರೀಕ್ಷೆ ಬರೆದು ಬಡ್ತಿ, ಅದರ ಬೆನ್ನಿಗೇ ವರ್ಗ. ಇಲ್ಲವೇ ಗೆಳೆಯ ಹೇಳುತ್ತಿರುವ ಹಿಂಜವಡಿಯ ಕಂಪನಿ, ಅಲ್ಲಿ ಸಂಬಳ ಇಮ್ಮಡಿ. ಇಲ್ಲವೇ ಇದ್ದಲ್ಲೇ ಇರುವುದು. ಊರಿಗೆ ಹೋದಾಗಲೆಲ್ಲ ಕಾಕಾ ಕೇಳುವುದು ಒಂದೇ: "ಇನ್ನಾ ದೌಂಡದಾಗೇ ಅದಿ ಏನೋ? ಮುಂದ ಬರೋದು ಯಾವಾಗ?"

ಕಾಕಾನ ತಕ್ಕಡಿಯಲ್ಲಿ ಒಂದೇ ಬಟ್ಟು ಇದೆ, ತಿಂಗಳ ಸಂಬಳ. ಆ ತಕ್ಕಡಿಯಲ್ಲೇ ತೂಗಿ ನೋಡಿ. ಇಲ್ಲಿ ವಾರಕ್ಕೆ 48 ತಾಸಿಗೆ ತಿಂಗಳಿಗೆ 40 ಸಾವಿರ ಅನ್ನಿ. ಅಲ್ಲಿ 80 ಸಾವಿರ. ಅದರಲ್ಲಿ 20 ಸಾವಿರ ಬಾಡಿಗೆಗೆ. ದುಡಿಮೆ ವಾರಕ್ಕೆ 70 ತಾಸು, ಟ್ರಾಫಿಕ್ಕಿನಲ್ಲಿ ಇನ್ನು 12. ತಿಂಗಳಿಗೆ ನಾಲ್ಕು ವಾರದ ಲೆಕ್ಕ ಹಾಕಿದರೆ ದೌಂಡದಲ್ಲಿ ತಾಸಿಗೆ 208 ರೂಪಾಯಿ, ಹಿಂಜವಡಿಯಲ್ಲಿ 183. ಇಮ್ಮಡಿ ಸಂಬಳ ಎಂಬುದು ಹೆಚ್ಚು ಹೊತ್ತನ್ನು ಅಗ್ಗಕ್ಕೆ ಮಾರಿದ ವ್ಯಾಪಾರವಾಗಿರಬಹುದು. ಇದನ್ನು ಮುಂದೆ ಬರುವುದು ಎಂದು ಕರೆಯುವುದು ಕನ್ನಡಕ್ಕೂ ಗಣಿತಕ್ಕೂ ಮಾಡುವ ಅನ್ಯಾಯ.

70 ತಾಸು ಸುಮ್ಮನೆ ಹಿಡಿದ ಅಂಕಿಯಲ್ಲ. 1981ರಲ್ಲಿ ಇದೇ ಪುಣೆಯಲ್ಲಿ ಇನ್ಫೋಸಿಸ್ ಶುರುಮಾಡಿದವರಲ್ಲಿ ಒಬ್ಬರಾದ ನಾರಾಯಣ ಮೂರ್ತಿ, ಯುವಕರು ವಾರಕ್ಕೆ ಅಷ್ಟು ದುಡಿಯಬೇಕೆಂದು 2023ರಲ್ಲಿ ಹೇಳಿದರು. ಅವರು ಅದಕ್ಕಿಂತ ಹೆಚ್ಚೇ ದುಡಿದಿರಬಹುದು, ಆದರೆ ದುಡಿದದ್ದು ತಮ್ಮ ಪಾಲಿದ್ದ ಕಂಪನಿಗೆ. ಆ ಕಂಪನಿ ಒಂದು ಕಾಲದಲ್ಲಿ ನೌಕರರಿಗೂ ಶೇರು ಹಂಚಿದ್ದು ನಿಜ. ಉಪದೇಶ ಮಾತ್ರ ಪಾಲಿಲ್ಲದವರಿಗೂ ಸೇರಿಸಿಯೇ ಬಂತು. ತನ್ನ ಹೊಲಕ್ಕೆ ರಾತ್ರಿಯೆಲ್ಲ ನೀರು ಹಾಯಿಸುವ ರೈತ ಕೂಲಿಯಾಳಿನಿಂದಲೂ ಅದೇ ನಿದ್ದೆಗೇಡು ಬಯಸಿದರೆ ಊರು ಒಪ್ಪುತ್ತದೆಯೇ?

ಹಾಗೆಂದು ನಿಧಾನವನ್ನು ಹಾಡಿ ಹೊಗಳುವವರ ಮಾತನ್ನೂ ಪೂರ್ತಿ ನಂಬಬೇಕಿಲ್ಲ. ಸಣ್ಣ ಊರಿನ ಗಾಳಿಯಲ್ಲಿ ನೆಮ್ಮದಿ ತಾನಾಗಿ ಬೀಸುವುದಿಲ್ಲ. 1974ರ ಮೇನಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಮುಂದಾಳುತನದಲ್ಲಿ ರೈಲ್ವೆ ನೌಕರರು ಸುಮಾರು 20 ದಿನ ಮುಷ್ಕರ ಹೂಡಿದಾಗ ಎಂಟು ತಾಸಿನ ದುಡಿಮೆಯೂ ಅವರ ಬೇಡಿಕೆಯಾಗಿತ್ತು. ಸಾವಿರಾರು ಜನ ಜೈಲಿಗೆ ಹೋದರು. ಗುಮಾಸ್ತನ ಸಂಜೆ ಆರು ಗಂಟೆಯ ಹಿಂದೆ ಅಂಥ ಹಿರಿಯರ ಹೋರಾಟವಿದೆ, ಅವನ ಸಂತೃಪ್ತ ಸ್ವಭಾವವಷ್ಟೇ ಅಲ್ಲ.

ಅದೇ ಇಲಾಖೆಯಲ್ಲೂ ಎಲ್ಲರಿಗೂ ಆ ಸಂಜೆ ಸಿಗುವುದಿಲ್ಲ. 1989ರ ರೈಲ್ವೆ ಕಾಯ್ದೆ ಬಿಡುವಿಲ್ಲದ ಕಠಿಣ ಕೆಲಸಕ್ಕೆ ವಾರಕ್ಕೆ 45 ತಾಸು, ಸಾಮಾನ್ಯ ನಿರಂತರ ಕೆಲಸಕ್ಕೆ 54, ನಡುನಡುವೆ ಬಿಡುವಿದೆ ಎಂದು ವಿಂಗಡಿಸಿದ ಕೆಲಸಕ್ಕೆ 75 ತಾಸು ಎಂದು ಮಿತಿ ಹಾಕಿತು. ಗಾಡಿಗೆ ಕಾಯುವುದು ವಿಶ್ರಾಂತಿ ಎಂಬುದು ಅದರ ಹಿಂದಿನ ಎಣಿಕೆ. ಕಾಯುವವನು ಮನೆಗೆ ಹೋಗಿ ಮಗಳ ಜೊತೆ ಕೂಡುವಂತಿಲ್ಲವಲ್ಲ! ನಿಧಾನದ ಕೆಲಸವೇ ಬೇರೆ, ತನ್ನ ಕೈಯಲ್ಲಿರುವ ಹೊತ್ತೇ ಬೇರೆ. ಕೆಲಸ ಆರಿಸುವವನು ಕೇಳಬೇಕಾದ್ದು ಎರಡನೆಯದನ್ನು.

ಇನ್ನೊಂದು ಪ್ರಶ್ನೆಯನ್ನು ಗುಮಾಸ್ತ ತನಗೇ ಕೇಳಿಕೊಳ್ಳಬೇಕು. ಬಿ.ಎಡ್. ಮಾಡಿದ ಹೆಂಡತಿಗೆ ದೌಂಡದಲ್ಲಿ ಕೆಲಸ ಸಿಗದೆ, ಅವಳು ಮುಂಜಾನೆಯಿಂದ ರಾತ್ರಿತನಕ ಮನೆ ತೂಗಿಸುತ್ತಿದ್ದರೆ, ಅವನ ಆರಾಮಕ್ಕೆ ಬೆಲೆ ತೆರುತ್ತಿರುವವಳು ಅವಳು. ಅಂಥಲ್ಲಿ ಬಡ್ತಿ ಬರೆದು ಪುಣೆಗೆ ಹೋಗುವುದೇ ನ್ಯಾಯವಾಗಬಹುದು. ಒಂದೇ ಮನೆಯಲ್ಲಿ ಒಬ್ಬರ ನಿಧಾನ ಇನ್ನೊಬ್ಬರ ಓಟವಾದರೆ ಅದನ್ನು ನೆಮ್ಮದಿ ಎನ್ನಲಾಗದು.

ಇದೆಲ್ಲ ಒಂದು ಮನೆಯ ಮಾತಾಗಿ ಮುಗಿಯುವುದೂ ಇಲ್ಲ. ಅಂಗಡಿ, ಕಚೇರಿಗಳ ದಿನದ ದುಡಿಮೆಯನ್ನು 9ರಿಂದ 10 ತಾಸಿಗೆ ಏರಿಸುವ ಪ್ರಸ್ತಾಪವನ್ನು ಕರ್ನಾಟಕ ಸರ್ಕಾರ 2025ರ ಜೂನ್‌ನಲ್ಲಿ ಮುಂದಿಟ್ಟಿತು, ಐಟಿ ನೌಕರರ ಸಂಘ ವಿರೋಧಿಸಿತು. ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಸಂಪುಟ ಅಂಥದ್ದೇ ಬದಲಾವಣೆಗೆ ಒಪ್ಪಿತು. ದೌಂಡದಲ್ಲಿ ಇದ್ದರೂ ಸರಿ, ಬೆಂಗಳೂರಿಗೆ ಹೋದರೂ ಸರಿ, ಸಂಜೆ ಕಿರಿದಾಗುತ್ತಿದೆ. ಅದನ್ನು ಉಳಿಸಿಕೊಳ್ಳುವ ಕೆಲಸ ಊರು ಬದಲಿಸಿದರೆ ಆಗುವಂಥದ್ದಲ್ಲ.

ಮುಂದಿನ ಸಲ ಕಾಕಾ ಕೇಳಿದಾಗ ಗುಮಾಸ್ತ ತಲೆ ತಗ್ಗಿಸಬೇಕಿಲ್ಲ. ತಿರುಗಿ ಒಂದೇ ಮಾತು ಕೇಳಲಿ: "ಕಾಕಾ, ಪುಣೆದಾಗ ಇರೋ ನಿಮ್ಮ ಮಗ ಸಂಜಿಕ್ ಎಷ್ಟಕ್ಕ ಮನಿಗಿ ಬರ್ತಾನ?"