ಕಪ್ ಗೆದ್ದಿದ್ದು ಕಂಪನಿ ಅಲ್ಲ ಸ್ವಾಮಿ

ಕೌಂಟರ್ ಸ್ಟ್ರೈಕ್ ಆಡುವ ಹುಡುಗರನ್ನು ಕೇಳಿ ನೋಡಿ, ವಿಶ್ವ ಚಾಂಪಿಯನ್ ಪಟ್ಟ ಅತಿ ಹೆಚ್ಚು ಸಲ ಗೆದ್ದವರು ಯಾರು ಅಂತ. ‘ಆಸ್ಟ್ರಾಲಿಸ್, ನಾಲ್ಕು ಸಲ’ ಅಂತ ನಿದ್ದೆಗಣ್ಣಲ್ಲೂ ಹೇಳ್ತಾರೆ. ಆಮೇಲೆ ಫ್ನಾಟಿಕ್, ನಾವಿ, ವೈಟಾಲಿಟಿ ಅಂತ ಬೆರಳು ಮಡಚುತ್ತಾ ಹೋಗ್ತಾರೆ. ಲೆಕ್ಕವೆಲ್ಲ ಸರಿ. ಆದ್ರೆ ಇವೆಲ್ಲ ಕಂಪನಿಗಳ ಹೆಸರು. ಮೌಸ್ ಹಿಡಿದು ಆಡಿದವರ ಹೆಸರಲ್ಲ. ನನ್ನ ತಕರಾರು ಇಷ್ಟೇ: ಈ ಪಟ್ಟಿ ತಪ್ಪು. ಸಣ್ಣಪುಟ್ಟ ತಪ್ಪಲ್ಲ, ಬುಡದಲ್ಲೇ ತಪ್ಪು.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ನಮ್ಮ ಪೀಳಿಗೆಯವರು ಇಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ಲ್ಯಾನ್ ಕೇಬಲ್ ಎಳೆದು ರಾತ್ರಿಯೆಲ್ಲ ಆಡ್ತಿದ್ದ ಅದೇ ಕೌಂಟರ್ ಸ್ಟ್ರೈಕ್. ಐದು ಜನ ಬಾಂಬ್ ಇಡೋಕೆ ನೋಡ್ತಾರೆ, ಇನ್ನೈದು ಜನ ತಡೀತಾರೆ, ಅರ್ಧಕ್ಕೆ ಬದಿ ಬದಲಾಗುತ್ತೆ. ಇದರ ವಿಶ್ವ ಚಾಂಪಿಯನ್‌ಶಿಪ್ಪಿಗೆ ‘ಮೇಜರ್’ ಅಂತ ಹೆಸರು. ಮೊದಲ ಮೇಜರ್ ನಡೆದದ್ದು 2013ರ ನವೆಂಬರಿನಲ್ಲಿ, ಸ್ವೀಡನ್ನಿನ ಯೋನ್‌ಶೋಪಿಂಗ್‌ನಲ್ಲಿ. ಬಹುಮಾನದ ಒಟ್ಟು ಮೊತ್ತ 2,50,000 ಡಾಲರ್. 2016ಕ್ಕೆ ಅದು 10 ಲಕ್ಷ ಡಾಲರ್ ಆಯ್ತು, 2021ರ ಸ್ಟಾಕ್‌ಹೋಮಿನಲ್ಲಿ 20 ಲಕ್ಷ. ದುಡ್ಡು ಬೆಳೀತು, ದೊಡ್ಡ ದೊಡ್ಡ ಕ್ರೀಡಾಂಗಣಗಳು ತುಂಬಿದವು. ದಾಖಲೆ ಬರೆಯೋ ಪದ್ಧತಿ ಮಾತ್ರ ಹಾಗೇ ಉಳೀತು.

ಒಂದೊಂದಾಗಿ ನೋಡೋಣ.

2014ರ ಕೊನೆಯ ಮೇಜರ್ ಗೆದ್ದ ತಂಡದ ಹೆಸರು ಎಲ್‌ಡಿಎಲ್‌ಸಿ. ಇದೇನು ಊರಾ, ದೇಶಾನಾ? ಅಲ್ಲ ಸ್ವಾಮಿ, ಫ್ರಾನ್ಸಿನಲ್ಲಿ ಕಂಪ್ಯೂಟರ್ ಸಾಮಾನು ಮಾರುವ ಅಂಗಡಿ. ಬೆಂಗಳೂರಿನ ಎಸ್.ಪಿ. ರೋಡಿನ ಯಾವುದೋ ಅಂಗಡಿ ವಿಶ್ವಕಪ್ ಗೆದ್ದಿತು ಅಂತ ದಾಖಲೆ ಇದ್ದರೆ ಹೇಗಿರುತ್ತೆ, ಹಾಗೆ. ಆಡಿದ್ದು ಹ್ಯಾಪಿ, ಎನ್‌ಬಿಕೆ, ಕಿಯೋಶಿಮಾ, ಶಾಕ್ಸ್, ಸ್ಮಿತ್ಜ್ ಎಂಬ ಐವರು. ಮುಂದಿನ ವರ್ಷದ ಶುರುವಿನಲ್ಲೇ ಈ ಐವರನ್ನೂ ಅಮೆರಿಕದ ಎನ್‌ವಿಅಸ್ ಎಂಬ ಸಂಸ್ಥೆ ತೆಗೆದುಕೊಂಡಿತು. 2015ರಲ್ಲಿ ರೊಮೇನಿಯಾದ ಕ್ಲೂಜ್-ನಪೋಕಾದಲ್ಲಿ ನಡೆದ ಮೇಜರ್ ಗೆದ್ದಿದ್ದು ಎನ್‌ವಿಅಸ್. ಪಟ್ಟಿ ಓದುವವನಿಗೆ ಇವು ಎರಡು ಬೇರೆ ಬೇರೆ ಚಾಂಪಿಯನ್‌ಗಳು. ನಿಜದಲ್ಲಿ ಐವರಲ್ಲಿ ಮೂವರು ಅವರೇ.

ಇದಕ್ಕಿಂತ ತಮಾಷೆ 2016ರದ್ದು. ಏಪ್ರಿಲ್‌ನಲ್ಲಿ ಅಮೆರಿಕದ ಕೊಲಂಬಸ್‌ನಲ್ಲಿ ಗೆದ್ದವರು ‘ಲುಮಿನಾಸಿಟಿ’. ಜುಲೈನಲ್ಲಿ ಜರ್ಮನಿಯ ಕಲೋನ್‌ನಲ್ಲಿ ಗೆದ್ದವರು ‘ಎಸ್‌ಕೆ ಗೇಮಿಂಗ್’. ಮೂರು ತಿಂಗಳಲ್ಲಿ ಇಬ್ಬರು ಚಾಂಪಿಯನ್ನರು, ಭಾರೀ ಪೈಪೋಟಿ ಅಂದ್ಕೊಳ್ತೀರಾ? ಎರಡೂ ಸಲ ಗೆದ್ದವರು ಅದೇ ಐದು ಬ್ರೆಜಿಲಿಯನ್ನರು: ಫಾಲನ್, ಕೋಲ್ಡ್‌ಝೆರಾ, ಫರ್, ಟಾಕೊ, ಎಫ್‌ಎನ್‌ಎಕ್ಸ್. ಒಬ್ಬನೂ ಬದಲಾಗಿರಲಿಲ್ಲ. ಸಂಬಳ ಕೊಡುವವರು ಬದಲಾದರು, ಶರ್ಟು ಬದಲಾಯ್ತು. ಒಂದೇ ತಂಡ ಒಂದೇ ವರ್ಷದಲ್ಲಿ ಎರಡು ಸಲ ವಿಶ್ವ ಚಾಂಪಿಯನ್ ಆದ ದೊಡ್ಡ ಸಾಧನೆಯನ್ನು ಪಟ್ಟಿ ಎರಡು ತುಂಡು ಮಾಡಿ ಇಬ್ಬರು ಯಜಮಾನರಿಗೆ ಹಂಚಿಬಿಟ್ಟಿದೆ.

ಈ ರೋಗ ಮೇಜರ್‌ಗಿಂತ ಹಳೇದು. ಪೋಲೆಂಡಿನ ಒಂದು ತಂಡ 2006ರಲ್ಲಿ ವರ್ಲ್ಡ್ ಸೈಬರ್ ಗೇಮ್ಸ್ ಗೆದ್ದಿತು, ಆಗ ಹೆಸರು ಪೆಂಟಾಗ್ರಾಂ. 2009ರಲ್ಲಿ ಮತ್ತೆ ಗೆದ್ದಿತು, ಆಗ ಅಗೇನ್. 2011ರಲ್ಲಿ ಆ ತಂಡದ ನಿಯೋ ಮತ್ತು ತಾಜ್ ಮೂರನೇ ಸಲ ಗೆದ್ದರು, ಆಗ ಇಎಸ್‌ಸಿ. 2014ರಲ್ಲಿ ಅದೇ ನಿಯೋ, ಅದೇ ತಾಜ್ ತಮ್ಮದೇ ದೇಶದ ಕಟೋವಿಟ್ಸೆಯಲ್ಲಿ ಮೇಜರ್ ಗೆದ್ದರು, ಆಗ ವರ್ಟಸ್ ಪ್ರೊ. ನಾಲ್ಕು ಗೆಲುವು, ನಾಲ್ಕು ಹೆಸರು. ಕಂಪನಿ ಹೆಸರು ನೆನಪಿಟ್ಟುಕೊಂಡು ಸುಸ್ತಾದ ಜನ ಆ ಹಳೇ ಐವರಿಗೆ ತಾವೇ ಒಂದು ಹೆಸರಿಟ್ಟರು: ‘ಗೋಲ್ಡನ್ ಫೈವ್’. ನೋಡಿ, ನೋಡುವವರಿಗೆ ಸತ್ಯ ಯಾವತ್ತೋ ಗೊತ್ತಾಗಿತ್ತು. ದಾಖಲೆ ಬರೆಯುವವರಿಗೆ ಇನ್ನೂ ಗೊತ್ತಾಗಿಲ್ಲ.

ಕಂಪನಿ ಹೆಸರಿನ ಹಿಂದೆ ಮರೆಯಾಗುವುದು ಬರೀ ಹೆಸರುಗಳಾಗಿದ್ದರೆ ನಾನು ಇಷ್ಟು ಉದ್ದ ಬರೀತಿರಲಿಲ್ಲ. ನಾವಿ ತಂಡವನ್ನೇ ತಗೊಳ್ಳಿ. ಉಕ್ರೇನಿನ ಸಂಸ್ಥೆ. ಪಟ್ಟಿಯಲ್ಲಿ 2021 ಸ್ಟಾಕ್‌ಹೋಮ್, ನಾವಿ. 2024 ಕೋಪನ್‌ಹೇಗನ್, ನಾವಿ. ಓದಿದರೆ ಒಂದೇ ತಂಡ ಮೂರು ವರ್ಷದ ಮೇಲೆ ಮತ್ತೆ ಗೆದ್ದಿತು ಅನ್ಸುತ್ತೆ. 2021ರ ಐವರಲ್ಲಿ ಸಿಂಪಲ್ ಮತ್ತು ಬಿಟ್ ಉಕ್ರೇನಿಯನ್ನರು, ಉಳಿದ ಮೂವರು ರಷ್ಯನ್ನರು. ಆ ಟೂರ್ನಿಯಲ್ಲಿ ಅವರು ಒಂದೇ ಒಂದು ಮ್ಯಾಪ್ ಸೋಲಲಿಲ್ಲ. ಮೂರೂವರೆ ತಿಂಗಳಲ್ಲಿ ಯುದ್ಧ ಶುರುವಾಯ್ತು. ಒಬ್ಬೊಬ್ಬರಾಗಿ ರಷ್ಯನ್ನರು ತಂಡದಿಂದ ಹೊರಗಾದರು. 2024ರಲ್ಲಿ ಗೆದ್ದಾಗ ಹಳೇ ಐವರಲ್ಲಿ ಆಡ್ತಿದ್ದವನು ಬಿಟ್ ಒಬ್ಬನೇ. ಈ ಎರಡು ಸಾಲುಗಳ ನಡುವೆ ಒಂದು ಯುದ್ಧ ಇದೆ, ಒಡೆದ ಒಂದು ತಂಡ ಇದೆ. ಪಟ್ಟಿಯಲ್ಲಿ ಇರೋದು ಮಾತ್ರ ಅದೇ ಹಳದಿ ಲೋಗೋ.

ಅದೇ ಯುದ್ಧದ ಇನ್ನೊಂದು ಬದಿ ನೋಡಿ. 2022ರ ರಿಯೋ ಮೇಜರ್ ಗೆದ್ದವರು ‘ಔಟ್‌ಸೈಡರ್ಸ್’. ಆ ಹೆಸರಿನ ಸಂಸ್ಥೆ ಎಲ್ಲೂ ಇಲ್ಲ. ರಷ್ಯಾ ಸರ್ಕಾರದ ಜೊತೆ ನಂಟಿದೆ ಅಂತ ವರ್ಟಸ್ ಪ್ರೊ ಹೆಸರಿನಲ್ಲಿ ಆಡಲು ಆಯೋಜಕರು ಬಿಡಲಿಲ್ಲ, ಹುಡುಗರು ತಟಸ್ಥ ಹೆಸರಿನಲ್ಲಿ ಆಡಿದರು. ಅವರ ನಾಯಕ ಜೇಮ್ 2019ರ ಬರ್ಲಿನ್ ಫೈನಲ್‌ನಲ್ಲಿ ಅವಂಗಾರ್ ಹೆಸರಿನಲ್ಲಿ ಆಸ್ಟ್ರಾಲಿಸ್‌ಗೆ ಸೋತವನು. ಆಮೇಲೆ ಆ ತಂಡವನ್ನೇ ವರ್ಟಸ್ ಪ್ರೊ ಕೊಂಡಿತು. ಅಂದ್ರೆ 2014ರಲ್ಲಿ ಗೆದ್ದ ಪೋಲೆಂಡಿನವರ ವರ್ಟಸ್ ಪ್ರೊಗೂ ಇವರಿಗೂ ಹೆಸರು ಬಿಟ್ಟರೆ ಏನೂ ಸಂಬಂಧ ಇಲ್ಲ. ಹೀಗೆ ಒಬ್ಬನೇ ಮನುಷ್ಯ ಮೂರು ಹೆಸರಿನಲ್ಲಿ ಆಡಿದ, ಮತ್ತು ಗೆದ್ದದ್ದು ಇಲ್ಲದ ಒಂದು ಹೆಸರಿನಲ್ಲಿ.

ಈಗ ಆಸ್ಟ್ರಾಲಿಸ್‌ಗೇ ಬರೋಣ, ಯಾಕಂದ್ರೆ ಎಲ್ಲರೂ ಅದನ್ನೇ ಎತ್ತುತ್ತಾರೆ. 2017 ಅಟ್ಲಾಂಟಾ, 2018 ಲಂಡನ್, 2019 ಕಟೋವಿಟ್ಸೆ, 2019 ಬರ್ಲಿನ್. ನಿಜಕ್ಕೂ ಅಪರೂಪದ ಸಾಧನೆ. ಆದ್ರೆ ಆ ಸಂಸ್ಥೆ ಹುಟ್ಟಿದ್ದು ಹೇಗೆ? ಡೆನ್ಮಾರ್ಕಿನ ಆಟಗಾರರು ಬೇರೆಯವರ ಕೆಳಗೆ ಆಡಿ ಬೇಸತ್ತು 2016ರಲ್ಲಿ ತಾವೂ ಪಾಲುದಾರರಾಗಿ ಕಟ್ಟಿದ್ದು. 2019ರ ಕೊನೆಯಲ್ಲಿ ಅದರ ಕಂಪನಿ ಕೋಪನ್‌ಹೇಗನ್ನಿನ ಷೇರು ಮಾರುಕಟ್ಟೆಗೆ ಬಂತು. ಆಮೇಲೆ ಗೆದ್ದವರು ಒಬ್ಬೊಬ್ಬರಾಗಿ ಹೊರಟರು. ಡುಪ್ರೀ, ಮ್ಯಾಜಿಸ್ಕ್, ಕೋಚ್ ಝೋನಿಕ್ ಫ್ರಾನ್ಸಿನ ವೈಟಾಲಿಟಿಗೆ ಹೋಗಿ 2023ರ ಪ್ಯಾರಿಸ್ ಮೇಜರ್ ಗೆದ್ದರು. ಅಂದ್ರೆ ಲೋಗೋ ಲೆಕ್ಕದಲ್ಲಿ ಆಸ್ಟ್ರಾಲಿಸ್ ನಾಲ್ಕು. ಮನುಷ್ಯರ ಲೆಕ್ಕದಲ್ಲಿ ಡುಪ್ರೀ ಐದು. ಐದು ಮೇಜರ್ ಗೆದ್ದ ಮೊದಲ ಆಟಗಾರ ಅವನು. ಅದೇ ಪ್ಯಾರಿಸ್ ತಂಡದ ನಾಯಕ ಅಪೆಕ್ಸ್, 2015ರಲ್ಲಿ ಎನ್‌ವಿಅಸ್ ಜೊತೆ ಗೆದ್ದವನು. ಎಂಟು ವರ್ಷದ ನಂತರ ಮತ್ತೆ ಗೆದ್ದ ಅವನ ಕಥೆ ಲೋಗೋ ಪಟ್ಟಿಯಲ್ಲಿ ಎಲ್ಲಿ ಸಿಗುತ್ತೆ? ಸಿಗಲ್ಲ.

‘ಫುಟ್‌ಬಾಲ್ ಕ್ಲಬ್‌ಗಳೂ ಹಾಗೇ ಅಲ್ವಾ, ಆಟಗಾರರು ಬರ್ತಾರೆ ಹೋಗ್ತಾರೆ’ ಅಂತ ಕೇಳುವವರಿದ್ದಾರೆ. ಅಲ್ಲ. ಬಾರ್ಸಿಲೋನಾ ಕ್ಲಬ್ ಬಾರ್ಸಿಲೋನಾದಲ್ಲೇ ಇರುತ್ತೆ. ಅದಕ್ಕೊಂದು ಮೈದಾನ, ಸದಸ್ಯರು, ನೂರು ವರ್ಷಕ್ಕೂ ಹೆಚ್ಚಿನ ನೆನಪು ಇದೆ. ಹನ್ನೊಂದು ಜನ ಪೂರ್ತಿ ತಂಡವಾಗಿ ಒಂದು ದಿನ ಎದ್ದು ಬೇರೆ ಕ್ಲಬ್ಬಿನ ಶರ್ಟು ಹಾಕ್ಕೊಂಡು ಅದೇ ಆಟ ಮುಂದುವರಿಸೋದಿಲ್ಲ. ಇಲ್ಲಿ ಅದೇ ಆಗೋದು. ಇನ್ನೂ ಒಂದು ಮಾತು: ಇದನ್ನು ‘ವಿಶ್ವ ಚಾಂಪಿಯನ್‌ಶಿಪ್’ ಅಂತ ಕರೀತೀರಲ್ಲ, ವಿಶ್ವಕಪ್ಪಿನ ಲೆಕ್ಕದಲ್ಲೇ ಅಳೀರಿ. 1983 ಅಂದ ತಕ್ಷಣ ಕಪಿಲ್, ಅಮರನಾಥ್, ಶ್ರೀಕಾಂತ್, ನಮ್ಮ ಬಿನ್ನಿ ಅಂತ ಹೆಸರು ಬಾಯಿಗೆ ಬರುತ್ತಲ್ವಾ? ಆ ಕಪ್ಪಿನ ಪಕ್ಕ ಯಾವುದೋ ಸೋಪಿನ ಕಂಪನಿ ಹೆಸರು ಮಾತ್ರ ಬರೆದಿದ್ದರೆ ಸುಮ್ಮನಿರ್ತಿದ್ರಾ?

‘ದುಡ್ಡು ಹಾಕಿದವರು ಅವರು, ಸಂಬಳ, ಕೋಚು, ವಿಮಾನದ ಟಿಕೆಟ್ಟು ಎಲ್ಲ ಅವರದ್ದೇ’ ಅನ್ನೋದು ಎರಡನೇ ವಾದ. ಒಪ್ಪಿದೆ. ದುಡ್ಡಿಲ್ಲದೆ ಯಾವ ಆಟವೂ ನಡೆಯಲ್ಲ. ನಮ್ಮೂರ ಶಾಲೆಯ ಗಾಜಿನ ಬೀರುವಿನಲ್ಲಿ ತಾಲ್ಲೂಕು ಮಟ್ಟದ ಕಬಡ್ಡಿಯ ಶೀಲ್ಡುಗಳಿದ್ದವು. ಒಂದೊಂದರ ಮೇಲೂ ಇಂಥವರ ಸ್ಮರಣಾರ್ಥ ಇಂಥವರ ಕೊಡುಗೆ ಅಂತ ದಪ್ಪಕ್ಷರದಲ್ಲಿ ಕೆತ್ತಿತ್ತು. ಆಡಿ ಮಂಡಿ ತರಚಿಕೊಂಡ ಹುಡುಗರ ಹೆಸರು ಯಾವುದರ ಮೇಲೂ ಇರಲಿಲ್ಲ. ದಾನಿಗಳ ಹೆಸರು ಬೇಡ ಅಂತ ನಾನು ಹೇಳ್ತಿಲ್ಲ, ಕೆಳಗೆ ಬರೀರಿ ಅಂತಿದ್ದೀನಿ. ಶೀಲ್ಡ್ ಕೊಟ್ಟವರು ಶೀಲ್ಡ್ ಗೆದ್ದವರಲ್ಲ.

ಹೆಚ್ಚು ಸಿಟ್ಟು ಬರಿಸೋದು ಏನಂದ್ರೆ, ಆಟದ ನಿಯಮವೇ ಈ ಲೋಗೋ ಲೆಕ್ಕವನ್ನು ಒಪ್ಪಿರಲಿಲ್ಲ. ಆಟದ ಮಾಲೀಕ ಕಂಪನಿ ವಾಲ್ವ್ ವರ್ಷಗಟ್ಟಲೆ ಪಾಲಿಸಿದ ನಿಯಮ ಇದು: ಮುಂದಿನ ಮೇಜರ್‌ಗೆ ಗಳಿಸಿದ ನೇರ ಪ್ರವೇಶ ಸಂಸ್ಥೆಯದ್ದಲ್ಲ, ಆಟಗಾರರದ್ದು. ಐವರಲ್ಲಿ ಮೂವರು ಒಟ್ಟಿಗಿದ್ದರೆ ಆ ಜಾಗ ಅವರ ಜೊತೆ ಹೋಗ್ತಿತ್ತು. 2015ರ ಕಲೋನ್ ಮೇಜರ್‌ನಿಂದ ಆಟಗಾರರ ಸಹಿಯ ಸ್ಟಿಕ್ಕರುಗಳನ್ನೂ ಆಟದೊಳಗೆ ಮಾರಲು ಶುರು ಮಾಡಿದರು. ಅಂದ್ರೆ ಪ್ರವೇಶ ಕೊಡುವಾಗ ಮನುಷ್ಯ ಬೇಕು, ಸ್ಟಿಕ್ಕರ್ ಮಾರುವಾಗ ಮನುಷ್ಯನ ಸಹಿ ಬೇಕು. ಇತಿಹಾಸ ಬರೆಯುವಾಗ ಮಾತ್ರ ಲೋಗೋ ಸಾಕು.

ತಪ್ಪು ನಡೆದಾಗ ಏನಾಗುತ್ತೆ ನೋಡಿ. 2018ರ ಅಕ್ಟೋಬರಿನಲ್ಲಿ ಶಾಂಘೈನ ಒಂದು ಟೂರ್ನಿಯಲ್ಲಿ ಆಪ್ಟಿಕ್ ಇಂಡಿಯಾ ತಂಡದ ಒಬ್ಬ ಹುಡುಗ ಮೋಸದ ಸಾಫ್ಟ್‌ವೇರ್ ಬಳಸಿ ಪಂದ್ಯದ ಮಧ್ಯೆಯೇ ಸಿಕ್ಕಿಬಿದ್ದ. ಅವನಿಗೆ ಐದು ವರ್ಷ ನಿಷೇಧ ಆಯ್ತು. ಅದು ಸರಿಯೇ. ಆದ್ರೆ ಏನೂ ಮಾಡದ ಉಳಿದ ನಾಲ್ವರನ್ನೂ ಸಂಸ್ಥೆ ಕೈಬಿಟ್ಟಿತು. ಸಿಕ್ಕಿಬಿದ್ದವನ ಹೆಸರು ಇವತ್ತಿಗೂ ಜಗತ್ತಿನ ಕೌಂಟರ್ ಸ್ಟ್ರೈಕ್ ಆಟಗಾರರ ಬಾಯಲ್ಲಿದೆ. ತಪ್ಪಿಗೆ ಹುಡುಗನ ಹೆಸರು, ಗೆಲುವಿಗೆ ಕಂಪನಿ ಹೆಸರು. ಯಾವ ನ್ಯಾಯ ಇದು?

ಇದು ನನಗೆ ಯಾಕೆ ಚುಚ್ಚುತ್ತೆ ಅಂದ್ರೆ, ನನ್ನ ಕೆಲಸವೂ ಇದೇ ಥರದ್ದು. ಸಾಫ್ಟ್‌ವೇರ್ ಬರೆಯುವವರಿಗೆ ‘ಗಿಟ್ ಬ್ಲೇಮ್’ ಅನ್ನೋ ಕಮಾಂಡ್ ಗೊತ್ತು. ಯಾವ ಸಾಲನ್ನು ಕೊನೆಗೆ ಮುಟ್ಟಿದ್ದು ಯಾರು ಅಂತ ಹೆಸರು ಸಮೇತ ತೋರಿಸುತ್ತೆ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ಎಲ್ಲರೂ ಅದನ್ನೇ ಓಡಿಸ್ತಾರೆ. ಅದೇ ಕೋಡು ಒಂದು ವರ್ಷ ಕೆಮ್ಮದೆ ಓಡಿದರೆ ಯಾರ ಹೆಸರೂ ಹೊರಗೆ ಬರಲ್ಲ, ಕಂಪನಿಯ ಯಶಸ್ಸು ಆಗುತ್ತೆ. ಹಾಗೆ ನೋಡಿದರೆ ಕೌಂಟರ್ ಸ್ಟ್ರೈಕ್ ಹುಟ್ಟಿದ್ದೂ ಕಂಪನಿಯಿಂದಲ್ಲ. 1999ರಲ್ಲಿ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ಹುಡುಗರು ಹಾಫ್-ಲೈಫ್ ಎಂಬ ಆಟಕ್ಕೆ ಬಿಡುವಿನಲ್ಲಿ ಮಾಡಿದ ಮಾರ್ಪಾಡು ಅದು. ವಾಲ್ವ್ ಅದನ್ನು ಕೊಂಡು ಅವರಿಗೆ ಕೆಲಸ ಕೊಟ್ಟಿತು. ಇವತ್ತು ಆಡುವ ಎಷ್ಟು ಜನಕ್ಕೆ ಆ ಎರಡು ಹೆಸರು ಗೊತ್ತು?

ಹಾಗಾಗಿ ನಾನು ಕೇಳೋದು ತುಂಬ ದೊಡ್ಡದೇನಲ್ಲ. ಪಟ್ಟಿಯನ್ನು ಹೀಗೆ ಬರೀರಿ: ಮೊದಲು ವರ್ಷ, ಊರು. ಆಮೇಲೆ ಐದು ಹೆಸರು. ಕೋಚ್ ಇದ್ದರೆ ಆರನೇ ಹೆಸರು. ಕೊನೆಗೆ ಸಣ್ಣ ಅಕ್ಷರದಲ್ಲಿ, ಆಗ ಸಂಬಳ ಕೊಡ್ತಿದ್ದ ಸಂಸ್ಥೆ. ಉದಾಹರಣೆಗೆ, 2022, ಆಂಟ್‌ವರ್ಪ್: ಡೆನ್ಮಾರ್ಕಿನ ಕ್ಯಾರಿಗನ್, ನಾರ್ವೆಯ ರೇನ್, ಕೆನಡಾದ ಟ್ವಿಸ್ಟ್ಜ್, ಎಸ್ಟೋನಿಯಾದ ರಾಪ್ಜ್, ಲಾಟ್ವಿಯಾದ ಬ್ರೋಕಿ. ಐದು ಜನ, ಐದು ದೇಶ. ‘ಫೇಜ್’ ಅಂತ ಎರಡಕ್ಷರ ಬರೆದರೆ ಇದರಲ್ಲಿ ಏನಾದ್ರೂ ಕಾಣುತ್ತಾ?

ಮುಂದಿನ ಸಲ ಯಾರಾದ್ರೂ ‘ಆಸ್ಟ್ರಾಲಿಸ್ ನಾಲ್ಕು ಸಲ ಗೆದ್ದಿತ್ತು’ ಅಂದ್ರೆ ಜಗಳ ಆಡಬೇಡಿ. ‘ಆಡಿದ್ದು ಯಾವ ಐವರು?’ ಅಂತ ಒಂದು ಮಾತು ಕೇಳಿ.