ಒಂಟಿ ಗುಡ್ಡಗಳ ಜಾತಕ

1975ರಲ್ಲಿ ತೆರೆಗೆ ಬಂದ ‘ಶೋಲೆ’ ಚಿತ್ರವನ್ನು ನೋಡದ ತಂದೆತಾಯಂದಿರು ಕಡಿಮೆ. ಗಬ್ಬರ್‌ಸಿಂಗನ ಅಡ್ಡೆಯ ಸುತ್ತ ಕಾಣುವ ಬಂಡೆಗಳು ರಾಮನಗರದ ರಾಮದೇವರ ಬೆಟ್ಟದವು ಎಂಬುದೂ ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಆದರೆ ಈ ಬಂಡೆಗಳು ಅಲ್ಲಿ ಬೇರೊಂದು ಬೆಟ್ಟದ ಪಾತ್ರ ವಹಿಸಿದ್ದವು ಎಂಬುದನ್ನು ಗಮನಿಸಿದವರು ವಿರಳ. ‘ಶೋಲೆ’ಗೆ ಮೇಲ್ಪಂಕ್ತಿಯಾದದ್ದು ಅಮೆರಿಕದ ಕೌಬಾಯ್ ಚಿತ್ರಗಳು. ಜಾನ್ ಫೋರ್ಡ್ 1939ರಲ್ಲಿ ತೆಗೆದ ‘ಸ್ಟೇಜ್‌ಕೋಚ್’ನಿಂದ ಮೊದಲ್ಗೊಂಡು ಆ ಬಗೆಯ ಅನೇಕ ಚಿತ್ರಗಳಲ್ಲಿ ಅರಿಜೋನಾ ಮತ್ತು ಯೂಟಾ ರಾಜ್ಯಗಳ ಗಡಿಯ ಮಾನ್ಯುಮೆಂಟ್ ವ್ಯಾಲಿ ಕಾಣಿಸುತ್ತದೆ. ಕೆಂಪು ಬಯಲು, ಅದರ ನಡುವೆ ತಲೆ ಚಪ್ಪಟೆಯಾದ, ಬದಿಗಳು ಗೋಡೆಯಂತೆ ನೆಟ್ಟಗಿರುವ ಒಂಟಿ ಗುಡ್ಡ. ಇಂಥ ಗುಡ್ಡಕ್ಕೆ ಅಲ್ಲಿ ‘ಬ್ಯೂಟ್’ ಎಂದು ಹೆಸರು. ಕುದುರೆ, ಬಂದೂಕು, ಧೂಳು ಎಲ್ಲವನ್ನೂ ಹೊಂದಿಸಿಕೊಳ್ಳಬಹುದು. ಗುಡ್ಡವನ್ನು ಎಲ್ಲಿಂದ ತರುವುದು? ಬೆಂಗಳೂರಿನ ಪಕ್ಕದ ರಾಮನಗರ ಅದಕ್ಕೆ ಒದಗಿಬಂತು.

ಎರಡೂ ಬಯಲಿನ ನಡುವೆ ಒಂಟಿಯಾಗಿ ನಿಂತಿವೆ. ಏಕೆ? ಕನಕಪುರ ತಾಲ್ಲೂಕಿನ ತೆಂಕಣ ಭಾಗದಲ್ಲಿರುವ ಉಯ್ಯಂಬಳ್ಳಿಯ ಕಡೆ ಹಳ್ಳಿಯ ಹಿರಿಯರನ್ನು ಕೇಳಿದರೆ, ಬೆಟ್ಟ ಭೂಮಿಯಿಂದ ಮೇಲೆದ್ದು ಬಂತು ಎನ್ನುವವರೇ ಹೆಚ್ಚು. ನಡೆದದ್ದು ಇದರ ತಿರುಗುಮುರುಗು. ಬೆಟ್ಟ ಇದ್ದಲ್ಲೇ ಇತ್ತು, ಸುತ್ತಲಿನ ನೆಲ ಇಳಿಯಿತು. ‘ಮೆತ್ತಗಿನದು ಸವೆಯಿತು, ಗಟ್ಟಿಯಾದದ್ದು ಉಳಿಯಿತು’ ಎಂದು ಬರೆದರೆ ಪರೀಕ್ಷೆಯಲ್ಲಿ ಎರಡು ಅಂಕ ಸಿಕ್ಕೀತು. ಆದರೆ ಗಟ್ಟಿತನದಲ್ಲೂ ಬಗೆಗಳಿವೆ, ಸ್ವಾರಸ್ಯವಿರುವುದು ಅಲ್ಲಿ.

ಮೊದಲು ಮರುಭೂಮಿಯ ಗುಡ್ಡ. ಅದು ಪದರ ಪದರವಾಗಿ ಕಟ್ಟಿದ ಕಟ್ಟಡದಂತಿದೆ. ಬುಡದಲ್ಲಿ ಮೆತ್ತನೆಯ ಜೇಡುಗಲ್ಲು. ಅದರ ಮೇಲೆ ಕೆಂಪು ಮರಳುಗಲ್ಲಿನ ಎತ್ತರವಾದ ಗೋಡೆ. ಸುಮಾರು 28 ಕೋಟಿ ವರ್ಷಗಳ ಹಿಂದೆ ಗಾಳಿ ಒಟ್ಟಿದ ಮರಳುದಿಣ್ಣೆಗಳೇ ಹೀಗೆ ಕಲ್ಲಾಗಿವೆ. ಕಣಕಣದ ಮೇಲೂ ಕಬ್ಬಿಣದ ಆಕ್ಸೈಡಿನ ತೆಳು ಲೇಪವಿರುವುದರಿಂದ ಆ ಕೆಂಪು. ಒಂದರ್ಥದಲ್ಲಿ ಅದು ತುಕ್ಕಿನ ಬಣ್ಣ. ಅನೇಕ ಗುಡ್ಡಗಳ ನೆತ್ತಿಯಲ್ಲಿ ಇನ್ನೂ ಗಡುಸಾದ ಬೆಣಚು ಉಂಡೆಗಳ ಶಿಲೆ ತಾರಸಿಯಂತೆ ಕುಳಿತಿದೆ. ತಾರಸಿ ಇರುವವರೆಗೆ ಕೆಳಗಿನ ಗೋಡೆಗೆ ರಕ್ಷಣೆ. ಆದರೆ ಬುಡದ ಜೇಡುಗಲ್ಲು ಸವೆಯುತ್ತಲೇ ಇರುತ್ತದೆ. ಹೆಗ್ಗಣ ಬುಡ ತೋಡಿದ ಮಣ್ಣಿನ ಗೋಡೆ ಏನಾಗುತ್ತದೆ? ಆಧಾರ ತಪ್ಪಿದ ಮರಳುಗಲ್ಲು ತನ್ನ ಲಂಬ ಬಿರುಕುಗಳ ಗುಂಟ ಸೀಳಿ ಬೀಳುತ್ತದೆ. ಹೀಗೆ ಬಿದ್ದಷ್ಟೂ ಗೋಡೆ ನೆಟ್ಟಗೇ ಉಳಿಯುತ್ತದೆ, ಗುಡ್ಡ ಮಾತ್ರ ಸಣಕಲಾಗುತ್ತ ಹೋಗುತ್ತದೆ.

ಇದಕ್ಕೆ ಹವೆಯ ಸಹಕಾರವೂ ಬೇಕು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರ್. ಮಣ್ಣು ತೆಳು, ಗಿಡಗಂಟಿ ವಿರಳ. ಚಳಿಗಾಲದ ರಾತ್ರಿಗಳಲ್ಲಿ ಬಿರುಕಿನೊಳಗಿನ ನೀರು ಹೆಪ್ಪುಗಟ್ಟಿ, ಹಿಗ್ಗಿ, ಕಲ್ಲನ್ನು ಬೆಣೆ ಹೊಡೆದಂತೆ ಸೀಳುತ್ತದೆ. ಎಂದಾದರೊಮ್ಮೆ ಸುರಿಯುವ ಬಿರುಮಳೆ ಉದುರಿದ್ದನ್ನೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಅಂಚುಗಳನ್ನು ಮೆತ್ತಗೆ ಉಜ್ಜಿ ದುಂಡಗಾಗಿಸಲು ಬೇಕಾದ ತೇವವೇ ಅಲ್ಲಿಲ್ಲ.

ಇನ್ನು ನಮ್ಮ ಕಡೆಯ ಬೆಟ್ಟ. ರಾಮದೇವರ ಬೆಟ್ಟ, ಮಾಗಡಿ ಬಳಿಯ 1226 ಮೀಟರ್ ಎತ್ತರದ ಸಾವನದುರ್ಗ, ಇವುಗಳಲ್ಲಿ ಪದರಗಳನ್ನು ಹುಡುಕಿದರೆ ಸಿಗುವುದಿಲ್ಲ. ಇವು ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿದ್ದ ಶಿಲಾಪಾಕ ನಿಧಾನವಾಗಿ ಆರಿ ಗಟ್ಟಿಯಾದ ಗ್ರಾನೈಟ್. ನಿಧಾನವಾಗಿ ಆರಿದ್ದರಿಂದಲೇ ಹರಳುಗಳು ದೊಡ್ಡವಾಗಿ ಬೆಳೆದವು. ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್ ಹರಳುಗಳು ಕೆಲವೆಡೆ ಹೆಬ್ಬೆರಳಿನ ಉಗುರಿಗಿಂತ ದೊಡ್ಡವಿವೆ. ಭೂವಿಜ್ಞಾನಿಗಳು ಇದನ್ನು ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು, ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನಿಂದ ಬಂದದ್ದು. ಊರು ಹೆಸರು ಬದಲಿಸಿಕೊಂಡರೂ ಕಲ್ಲು ಬದಲಿಸಿಕೊಂಡಿಲ್ಲ! ಈ ಕಲ್ಲಿನ ಪಟ್ಟಿ ತೆಂಕಲಲ್ಲಿ ಸಾತನೂರಿನ ಬಳಿಯ ಕಬ್ಬಾಳದುರ್ಗದ ಆಸುಪಾಸಿನಿಂದ ಉತ್ತರಕ್ಕೆ ಬಳ್ಳಾರಿ ಸೀಮೆಯವರೆಗೂ ನೂರಾರು ಕಿಲೋಮೀಟರ್ ಹಬ್ಬಿದೆ.

ಪದರವಿಲ್ಲ, ತಾರಸಿಯಿಲ್ಲ. ಹಾಗಾದರೆ ಈ ಬೆಟ್ಟ ಉಳಿದದ್ದು ಹೇಗೆ? ಉತ್ತರ ಬಿರುಕುಗಳಲ್ಲಿದೆ. ಮಳೆನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅತಿ ಸೌಮ್ಯವಾದ ಆಮ್ಲವಾಗುತ್ತದೆ. ಬಿರುಕುಗಳ ಮೂಲಕ ಇಳಿದು ಫೆಲ್ಡ್‌ಸ್ಪಾರನ್ನು ನಿಧಾನವಾಗಿ ಜೇಡಿಯಾಗಿಸುತ್ತದೆ. ಬಿರುಕು ಒತ್ತೊತ್ತಾಗಿದ್ದಲ್ಲಿ ಬಂಡೆ ಒಳಗೊಳಗೇ ಕೊಳೆತು ಗರಸಾಗುತ್ತದೆ. ಬಾವಿ ತೋಡುವವರಿಗೆ ಇದು ಚೆನ್ನಾಗಿ ಗೊತ್ತು: ಮೊದಲು ಮಣ್ಣು, ಆಮೇಲೆ ಪುಡಿಪುಡಿಯಾಗುವ ಕೊಳೆತ ಕಲ್ಲು, ಆಮೇಲೆ ಹಾರೆ ಹಾಕಿದರೆ ಠಣ್ಣೆನ್ನುವ ಬಂಡೆ. ಬಿರುಕು ದೂರ ದೂರವಿದ್ದಲ್ಲಿ ನೀರಿಗೆ ದಾರಿಯೇ ಸಿಗಲಿಲ್ಲ. ಸುತ್ತಲಿನ ಗರಸು ಕೊಚ್ಚಿಹೋದಾಗ ಆ ಇಡಿಗಟ್ಟಿ ಬೆಟ್ಟವಾಗಿ ಹೊರಗೆ ಕಂಡಿತು. ಮರುಭೂಮಿಯ ಗುಡ್ಡವನ್ನು ಕಾಪಾಡಿದ್ದು ತಲೆಯ ಮೇಲಿನ ಟೋಪಿ. ಇಲ್ಲಿನ ಬೆಟ್ಟವನ್ನು ಕಾಪಾಡಿದ್ದು ಮೈಯಲ್ಲಿ ಸೀಳಿಲ್ಲದಿರುವುದು.

ದುಂಡನೆಯ ಆಕಾರಕ್ಕೆ ಇನ್ನೂ ಒಂದು ಕಾರಣವುಂಟು. ಆಳದಲ್ಲಿ ಕಿಲೋಮೀಟರುಗಟ್ಟಲೆ ಕಲ್ಲಿನ ಭಾರ ಹೊತ್ತಿದ್ದ ಗ್ರಾನೈಟಿಗೆ, ಮೇಲಿನ ಭಾರ ಸವೆದುಹೋದಾಗ ಉಸಿರು ಬಿಟ್ಟಂತಾಗುತ್ತದೆ. ಅದು ಹೊರಕ್ಕೆ ಹಿಗ್ಗಿ ಈರುಳ್ಳಿಯ ಸಿಪ್ಪೆಯಂತೆ ಹಾಳೆ ಹಾಳೆಯಾಗಿ ಬಿಡಿಸಿಕೊಳ್ಳುತ್ತದೆ. ಬಂಡೆಯ ಮೇಲೆ ಸೌದೆ ಉರಿಸಿ ಚಪ್ಪಡಿ ಎಬ್ಬಿಸುತ್ತಿದ್ದ ಕಲ್ಲುಕುಟಿಗರು ಬಳಸಿಕೊಂಡದ್ದು ಇದೇ ಗುಣವನ್ನು. ಭೌತಶಾಸ್ತ್ರದ ಪುಸ್ತಕ ಓದದೆಯೇ ಅವರು ಕಲ್ಲಿನ ಹಿಗ್ಗುವಿಕೆಯನ್ನು ಅಳೆದು ತೂಗಿ ಬಲ್ಲವರಾಗಿದ್ದರು. ಬೆಟ್ಟದ ನೆತ್ತಿಯಲ್ಲಿ ನೀರು ನಿಲ್ಲುವ ದೊಣೆಗಳೂ ನೀರಿನದೇ ಕೆತ್ತನೆ. ಸಣ್ಣ ತಗ್ಗಿನಲ್ಲಿ ನಿಂತ ನೀರು ಹರಳುಗಳನ್ನು ಸಡಿಲಿಸುತ್ತದೆ, ತಗ್ಗು ದೊಡ್ಡದಾಗುತ್ತದೆ, ಇನ್ನೂ ಹೆಚ್ಚು ನೀರು ನಿಲ್ಲುತ್ತದೆ. ಈ ಸೀಮೆಯ ವಾರ್ಷಿಕ ಮಳೆ 800 ಮಿಲಿಮೀಟರಿನ ಆಸುಪಾಸಿನಲ್ಲಿದೆ, ಎಂದರೆ ಆ ಮರುಭೂಮಿಯ ನಾಲ್ಕು ಪಟ್ಟು.

ಕಬ್ಬಾಳದುರ್ಗದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಕಬ್ಬಾಳಮ್ಮನ ದರ್ಶನಕ್ಕೆ ಹೋಗುವವರು ಸಾವಿರಾರು. ಆದರೆ ದೇಶವಿದೇಶಗಳ ಭೂವಿಜ್ಞಾನಿಗಳು ಅಲ್ಲಿಗೆ ಬರುವುದು ಕಲ್ಲು ನೋಡಲು. ಬೂದುಬಣ್ಣದ ನೈಸ್ ಶಿಲೆ ಆಳದ ಕಾವಿನಲ್ಲಿ ಕಪ್ಪುಹಸಿರಿನ ಚಾರ್ನೊಕೈಟ್ ಶಿಲೆಯಾಗಿ ಮಾರ್ಪಡುತ್ತಿರುವಾಗಲೇ ತಡೆದು ನಿಲ್ಲಿಸಿದಂತಿರುವ ಕಲೆಗಳು ಅಲ್ಲಿವೆ. ಸಿ.ಎಸ್. ಪಿಚ್ಚಮುತ್ತು ಇದನ್ನು ಕುರಿತು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಈ ಮಾರ್ಪಾಟು ನಡೆದದ್ದು ಸುಮಾರು 20 ಕಿಲೋಮೀಟರ್ ಆಳದಲ್ಲಿ. ಅಂದರೆ ಅಷ್ಟು ದಪ್ಪದ ನೆಲ ಆಮೇಲೆ ಸವೆದುಹೋಗಿದೆ.

ಸವೆದದ್ದು ಎಲ್ಲಿ ಹೋಯಿತು? ಫೆಲ್ಡ್‌ಸ್ಪಾರ್ ಜೇಡಿಯಾಗಿ, ಕಾಗೆಬಂಗಾರ ಚೂರುಚೂರಾಗಿ ನೀರಿನಲ್ಲಿ ತೇಲಿಹೋಗುತ್ತವೆ. ಬೆಣಚು ಮಾತ್ರ ಹಟಮಾರಿ, ಕರಗುವುದಿಲ್ಲ, ಕೊಳೆಯುವುದಿಲ್ಲ. ಅದೇ ಮರಳು. ಮರಳು ತಗ್ಗಿನಲ್ಲಿ ಶೇಖರವಾಗಿ, ಹೂತು, ಬೆಸೆದುಕೊಂಡರೆ ಮರಳುಗಲ್ಲು. ಅದನ್ನು ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ, ಬಾದಾಮಿಗೆ ಹೋದರೆ ಸಾಕು. ಚಾಲುಕ್ಯರು 578ರಲ್ಲಿ ಪೂರೈಸಿದ ಮೂರನೆಯ ಗುಹೆಯ ಕೆಂಪು ಬಂಡೆ ಇಂಥದೇ. ಅದರ ಪದರಗಳನ್ನು ಮಕ್ಕಳು ಬೆರಳಿಟ್ಟು ಎಣಿಸಬಹುದು. ಗ್ರಾನೈಟ್, ನೈಸ್‌ಗಳಂಥ ಹಳೆಯ ಬೆಟ್ಟಗಳು ಸವೆದ ಪುಡಿಯೇ ಅಲ್ಲಿ ಹೊಸ ಕಲ್ಲಾಗಿದೆ. ಗಬ್ಬರನ ಬಂಡೆಯೂ ಕೌಬಾಯ್ ಗುಡ್ಡವೂ ಹೀಗೆ ಒಂದೇ ವಂಶದ ಹಿರಿಯ ಕಿರಿಯರು.

ಬರಿಯ ಗ್ರಾನೈಟ್ ಬಂಡೆ ಹತ್ತು ಲಕ್ಷ ವರ್ಷಗಳಲ್ಲಿ ಸವೆಯುವುದು ಸಾಮಾನ್ಯವಾಗಿ ಕೆಲವೇ ಮೀಟರುಗಳು. ಕ್ವಾರಿಯಲ್ಲಿ ಸಿಡಿಮದ್ದು ಅಷ್ಟನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತದೆ. ಬಂಡೆಯ ಮೇಲೆ ಬಿದ್ದ ಮಳೆ ಇಂಗದೆ ಜಾರಿ ಬುಡದ ಹೊಲಕ್ಕೂ ಕೆರೆಗೂ ಇಳಿಯುತ್ತದೆ. ಈ ಕಡೆ ಅನೇಕ ಕೆರೆಗಳು ಬೆಟ್ಟದ ತಪ್ಪಲಲ್ಲೇ ಇರುವುದು ಆಕಸ್ಮಿಕವೇನಲ್ಲ. ಹಾಳೆ ಕಳಚಿದಲ್ಲಿ ಉಂಟಾದ ಕಡಿದಾದ ಚಾಚುಗಳು ಉದ್ದ ಕೊಕ್ಕಿನ ರಣಹದ್ದಿಗೆ ಗೂಡುಕಟ್ಟುವ ಜಾಗ. 2012ರಲ್ಲಿ ರಾಮದೇವರ ಬೆಟ್ಟ ರಣಹದ್ದು ಧಾಮವಾದದ್ದು ಅದಕ್ಕಾಗಿಯೇ. ಚಪ್ಪಡಿಯಾಗಿ ಲಾರಿ ಹತ್ತಿದ ಬೆಟ್ಟದಲ್ಲಿ ಚಾಚು ಎಲ್ಲಿಯದು?

ರಜೆಯಲ್ಲಿ ಉಯ್ಯಂಬಳ್ಳಿಯ ಕಡೆಯಿಂದ ಸಂಗಮಕ್ಕೆ ಹೋಗುವವರು ಒಂದು ಭೂತಗನ್ನಡಿ ಜೊತೆಗಿಟ್ಟುಕೊಳ್ಳಲಿ. ಅರ್ಕಾವತಿ ಕಾವೇರಿಗೆ ಸೇರುವ ಆ ದಡದಲ್ಲಿ, ನೀರಿಗಿಳಿಯದೆ (ಮೇಕೆದಾಟಿನ ಬಂಡೆಗುಳಿಗಳೂ ಸುಳಿಗಳೂ ಈಜು ಬಲ್ಲವರನ್ನೂ ಬಿಟ್ಟಿಲ್ಲ, ತಂದೆತಾಯಂದಿರು ಇದನ್ನು ಮರೆಯಬಾರದು), ಒಂದು ಚಿಟಿಕೆ ಮರಳನ್ನು ಅಂಗೈಯಲ್ಲಿ ಹರಡಿ ನೋಡಲಿ. ಗಾಜಿನಂತಿರುವುದು ಬೆಣಚು, ಗುಲಾಬಿ ಬಣ್ಣದ್ದು ಇನ್ನೂ ಜೇಡಿಯಾಗದ ಫೆಲ್ಡ್‌ಸ್ಪಾರ್. ಮರುಭೂಮಿಯ ಮರಳು ಗಾಳಿಯಲ್ಲಿ ಒಂದಕ್ಕೊಂದು ಬಡಿದು ದುಂಡಗಾಗಿ, ಮೈ ಮಬ್ಬಾಗಿರುತ್ತದೆ. ಅಂಗೈಯಲ್ಲಿರುವ ಕಣದ ಮೂಲೆಗಳು ಇನ್ನೂ ಚುಚ್ಚುವಂತಿದ್ದರೆ, ಅದು ಬೆಟ್ಟ ಬಿಟ್ಟು ಬಹಳ ದೂರವೇನೂ ಬಂದಿಲ್ಲ.