ಗೇಲಿಯ ಕಲ್ಲು ಯಾರ ಮನೆಗೆ ಬೀಳುತ್ತದೆ?

ಚುನಾವಣಾ ಫಲಿತಾಂಶದ ಸಂಜೆ ನಮ್ಮ ಊರುಗಳಲ್ಲಿ ಎರಡು ಬಗೆಯ ಸದ್ದು ಕೇಳಿಸುತ್ತದೆ. ಒಂದು ಪಟಾಕಿಯದು, ಇನ್ನೊಂದು ಗೇಲಿಯದು. ಪಟಾಕಿ ಅಂದಿನ ರಾತ್ರಿಗೇ ಮುಗಿಯುತ್ತದೆ. ಗೇಲಿ ಮಾತ್ರ ಮುಂದಿನ ಚುನಾವಣೆಯವರೆಗೂ ಉರಿಯುತ್ತಲೇ ಇರುತ್ತದೆ. ಗೆದ್ದವರು ಸೋತವರ ಬಾಗಿಲ ಮುಂದೆ ಕುಣಿಯುತ್ತಾರೆ. ಸೋತವರು ಗೆದ್ದವರ ಗೆಲುವು ಹಣದ್ದೆಂದೂ ಜಾತಿಯದ್ದೆಂದೂ ಜರಿಯುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂತಹ ಊರುಗಳಲ್ಲಿ ಇದು ಹೆಚ್ಚು ನೋವು ಕೊಡುತ್ತದೆ. ಯಾಕೆಂದರೆ ಇಲ್ಲಿ ಗೆದ್ದವರ ಬೆಂಬಲಿಗನೂ ಸೋತವರ ಬೆಂಬಲಿಗನೂ ಒಂದೇ ಸಂತೆಗೆ ಹೋಗುತ್ತಾರೆ, ಒಂದೇ ಬಸ್ಸು ಹತ್ತುತ್ತಾರೆ, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಬರುತ್ತಾರೆ.

ಸಿಂದಗಿಯ ಉದಾಹರಣೆಯನ್ನೇ ನೋಡೋಣ. 2021ರ ಜನವರಿಯಲ್ಲಿ ಶಾಸಕ ಎಂ.ಸಿ. ಮನಗೂಳಿ ನಿಧನರಾದರು. ತೆರವಾದ ಸ್ಥಾನಕ್ಕೆ ಅದೇ ವರ್ಷ ಅಕ್ಟೋಬರ್ 30ರಂದು ಉಪಚುನಾವಣೆ ನಡೆಯಿತು. ಸಿಂದಗಿ ಮತ್ತು ಹಾನಗಲ್ ಉಪಚುನಾವಣೆಗಳ ಪ್ರಚಾರ ಕಾವೇರಿದ್ದ ಆ ದಿನಗಳಲ್ಲಿ ರಾಜ್ಯದ ಚರ್ಚೆ ಯಾವುದರ ಸುತ್ತ ಸುತ್ತುತ್ತಿತ್ತು? ನೀರಾವರಿಯ ಸುತ್ತ ಅಲ್ಲ, ಗುಳೆ ಹೋಗುವ ಕೂಲಿಕಾರರ ಸುತ್ತಲೂ ಅಲ್ಲ. ರಾಜ್ಯ ಕಾಂಗ್ರೆಸ್‌ನ ಟ್ವಿಟರ್ ಖಾತೆಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರನ್ನು 'ಹೆಬ್ಬೆಟ್ಟು' ಎಂದು ಹೀಯಾಳಿಸಲಾಯಿತು. ಪಕ್ಷದ ಅಧ್ಯಕ್ಷರಾಗಿದ್ದ ಡಿ.ಕೆ. ಶಿವಕುಮಾರ್ ವಿಷಾದ ವ್ಯಕ್ತಪಡಿಸಿ ಆ ಬರಹವನ್ನು ಹಿಂತೆಗೆಸಿದರು. ಅದರ ಬೆನ್ನಿಗೇ ಆಗಿನ ಬಿಜೆಪಿ ರಾಜ್ಯಾಧ್ಯಕ್ಷ ನಳಿನ್ ಕುಮಾರ್ ಕಟೀಲ್ ಅವರು ರಾಹುಲ್ ಗಾಂಧಿಯವರನ್ನು ಮಾದಕ ವ್ಯಸನಿ ಎಂದು ಕರೆದರು. ಇವರಿಬ್ಬರ ಜಗಳದಲ್ಲಿ ಸಿಂದಗಿಯ ಮತದಾರನಿಗೆ ದಕ್ಕಿದ್ದಾದರೂ ಏನು?

ಇಲ್ಲಿ ಒಂದು ಸಂಗತಿಯನ್ನು ನಾವು ಗಮನಿಸಬೇಕು. 'ಹೆಬ್ಬೆಟ್ಟು' ಎಂಬ ಬೈಗುಳ ದಿಲ್ಲಿಯ ಪ್ರಧಾನಿಯನ್ನು ತಾಗುವುದಿಲ್ಲ. ಅದು ತಾಗುವುದು ಬ್ಯಾಂಕಿನ ಕಾಗದಕ್ಕೋ ಪಡಿತರದ ಯಂತ್ರಕ್ಕೋ ನಾಚಿಕೆಯಿಂದ ಹೆಬ್ಬೆರಳು ಒತ್ತುವ ನಮ್ಮ ತಾಯಂದಿರನ್ನು, ಓದುವ ಅವಕಾಶ ಸಿಗದೆ ದುಡಿದು ಮಕ್ಕಳನ್ನು ಓದಿಸಿದ ನಮ್ಮ ಹಿರಿಯರನ್ನು. ನಾಯಕನ ಕಡೆಗೆ ಎಸೆದ ಗೇಲಿಯ ಕಲ್ಲು ಬೀಳುವುದು ಬಡವನ ಮನೆಯ ಹೆಂಚಿನ ಮೇಲೆ.

2023ರ ಏಪ್ರಿಲ್ ಕೊನೆಯಲ್ಲಿಯೂ ಇದೇ ನಡೆಯಿತು. ಗದಗ ಜಿಲ್ಲೆಯ ಪ್ರಚಾರ ಸಭೆಯಲ್ಲಿ ಎಐಸಿಸಿ ಅಧ್ಯಕ್ಷ ಮಲ್ಲಿಕಾರ್ಜುನ ಖರ್ಗೆಯವರು ಮೋದಿಯವರನ್ನು ವಿಷದ ಹಾವಿಗೆ ಹೋಲಿಸಿದರು. ತಾವು ಹೇಳಿದ್ದು ವ್ಯಕ್ತಿಯ ಬಗ್ಗೆಯಲ್ಲ, ಸಿದ್ಧಾಂತದ ಬಗ್ಗೆ ಎಂದು ಆ ಬಳಿಕ ಸ್ಪಷ್ಟನೆ ಕೊಟ್ಟು ವಿಷಾದಿಸಿದರು. ಅದಕ್ಕೆ ಉತ್ತರವಾಗಿ ವಿಜಯಪುರ ನಗರದ ಶಾಸಕ ಬಸನಗೌಡ ಪಾಟೀಲ ಯತ್ನಾಳರು ಸೋನಿಯಾ ಗಾಂಧಿಯವರನ್ನು 'ವಿಷಕನ್ಯೆ' ಎಂದರು. ಉತ್ತರ ಕೊಡಬೇಕಾಗಿದ್ದುದು ಖರ್ಗೆಯವರಿಗೆ. ಏಟು ಬಿದ್ದದ್ದು ಒಬ್ಬ ಹೆಣ್ಣುಮಗಳಿಗೆ. ಎದುರಾಳಿಗಾಗಿ ಹರಿತಗೊಳಿಸಿದ ನಾಲಿಗೆ ಸ್ವಂತ ಮನೆಯವರನ್ನೂ ಬಿಡುವುದಿಲ್ಲ ಎಂಬುದೂ ಮುಂದೆ ಕಂಡುಬಂತು. ಸ್ವಪಕ್ಷದ ನಾಯಕರ ಮೇಲೆಯೇ ವಾಗ್ದಾಳಿ ನಡೆಸುತ್ತಿದ್ದ ಯತ್ನಾಳರನ್ನು ಬಿಜೆಪಿ 2025ರ ಮಾರ್ಚ್‌ನಲ್ಲಿ ಆರು ವರ್ಷಗಳ ಅವಧಿಗೆ ಉಚ್ಚಾಟಿಸಿತು.

ಇನ್ನೊಂದು ಗೇಲಿಯಂತೂ ನೇರವಾಗಿ ನಮ್ಮ ಮನೆಯಂಗಳಕ್ಕೇ ಬಿದ್ದಿತು. 2022ರ ಡಿಸೆಂಬರ್‌ನಲ್ಲಿ ಬಿಜೆಪಿ ನಾಯಕ ಸಿ.ಟಿ. ರವಿಯವರು ಸಿದ್ದರಾಮಯ್ಯನವರನ್ನು 'ಸಿದ್ರಾಮುಲ್ಲಾ ಖಾನ್' ಎಂದು ಕರೆದರು. 2023ರ ಮೇ 20ರಂದು ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಹಾಗಾದರೆ ಆ ಗೇಲಿಯಿಂದ ಅವರಿಗೆ ಆದ ನಷ್ಟವೇನು? ನಷ್ಟವಾದದ್ದು ಹಾಜರಿ ಪುಸ್ತಕದಲ್ಲಿ ಖಾನ್ ಎಂಬ ಹೆಸರಿರುವ ಶಾಲಾ ಬಾಲಕನಿಗೆ. ತನ್ನ ಹೆಸರೇ ಒಂದು ಬೈಗುಳವೆಂದು ಅವನು ಕಲಿತದ್ದು ಪಠ್ಯಪುಸ್ತಕದಿಂದಲ್ಲ, ಟಿ.ವಿ. ಪರದೆಯಿಂದ.

ಆದರೆ ನಮ್ಮ ಸಮುದಾಯ ಬರೀ ಗೇಲಿಗೊಳಗಾದ ಸಮುದಾಯವಲ್ಲ ಎಂಬುದನ್ನೂ ಹೇಳಬೇಕು. ಸಿಂದಗಿಯ ಉಪಚುನಾವಣೆಯಲ್ಲಿ ಜೆಡಿಎಸ್ ಪಕ್ಷ ನಾಝಿಯಾ ಶಕೀಲಾ ಅಂಗಡಿ ಎಂಬ ವಿದ್ಯಾವಂತ ಮುಸ್ಲಿಮ್ ಮಹಿಳೆಯನ್ನು ಕಣಕ್ಕಿಳಿಸಿದಾಗ, ಇದು ಮುಸ್ಲಿಮರ ಮತ ಒಡೆದು ಬಿಜೆಪಿಗೆ ನೆರವಾಗುವ ತಂತ್ರವೆಂದು ಕಾಂಗ್ರೆಸ್ ನಾಯಕರು ಆರೋಪಿಸಿದರು. ಫಲಿತಾಂಶ ಏನು ಹೇಳಿತು? ಬಿಜೆಪಿಯ ರಮೇಶ ಭೂಸನೂರ ಅವರು ಕಾಂಗ್ರೆಸ್‌ನ ಅಶೋಕ ಮನಗೂಳಿ ಅವರನ್ನು 31,185 ಮತಗಳಿಂದ ಸೋಲಿಸಿದರು. ಜೆಡಿಎಸ್ ಅಭ್ಯರ್ಥಿ ಪಡೆದ ಮತಗಳು ನಾಲ್ಕೂವರೆ ಸಾವಿರವನ್ನೂ ಮುಟ್ಟಲಿಲ್ಲ. ಆ ಮತಗಳೆಲ್ಲವನ್ನೂ ಒಟ್ಟುಗೂಡಿಸಿ ಕಾಂಗ್ರೆಸ್‌ಗೆ ಕೊಟ್ಟಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಆದರೂ ನಮ್ಮವರಲ್ಲೊಬ್ಬರು ಬೇರೆ ಪಕ್ಷದಿಂದ ನಿಂತರೆ ಅವರಿಗೆ 'ಏಜೆಂಟ್', 'ಮಾರಿಕೊಂಡವರು' ಎಂಬ ಪಟ್ಟ ಕಟ್ಟುವ ಚಾಳಿ ನಮ್ಮ ಚಹಾದಂಗಡಿಗಳಲ್ಲಿಯೂ ಮೊಬೈಲ್ ಗುಂಪುಗಳಲ್ಲಿಯೂ ಇನ್ನೂ ಹೋಗಿಲ್ಲ. ಲೆಕ್ಕ ನೋಡುವ ತಾಳ್ಮೆ ಇಲ್ಲದವರಿಗೆ ಗೇಲಿ ಸುಲಭದ ದಾರಿ.

ಕಾಲವಾದರೂ ಎಷ್ಟು ಬೇಗ ತಿರುಗುತ್ತದೆ ನೋಡಿ. ಆ ಉಪಚುನಾವಣೆಯ ಫಲಿತಾಂಶ ಬಂದದ್ದು 2021ರ ನವೆಂಬರ್ 2ರಂದು. 2023ರ ಮೇ 13ರಂದು ಅದೇ ಸಿಂದಗಿಯಲ್ಲಿ ಅದೇ ಅಶೋಕ ಮನಗೂಳಿ ಅವರು ಅದೇ ಭೂಸನೂರ ಅವರನ್ನು ಸೋಲಿಸಿದರು. ಮುದ್ದೇಬಿಹಾಳದಲ್ಲಿ 2018ರಲ್ಲಿ ಎ.ಎಸ್. ಪಾಟೀಲ ನಡಹಳ್ಳಿ ಅವರ ಎದುರು ಸೋತಿದ್ದ ಸಿ.ಎಸ್. ನಾಡಗೌಡರು 2023ರಲ್ಲಿ ಅವರನ್ನೇ ಸೋಲಿಸಿ ವಿಧಾನಸಭೆಗೆ ಮರಳಿದರು. ನಾಯಕರು ಅಧಿಕಾರಕ್ಕೆ ಬರುತ್ತಾರೆ, ಹೋಗುತ್ತಾರೆ, ಪಕ್ಷವನ್ನೂ ಬದಲಿಸುತ್ತಾರೆ. ಅವರಿಗಾಗಿ ನೆರೆಮನೆಯವನೊಂದಿಗೆ ಸಲಾಮು, ಶರಣು ನಿಲ್ಲಿಸಿದವನು ಮಾತ್ರ ಅಲ್ಲೇ ಉಳಿಯುತ್ತಾನೆ.

ಗೇಲಿಯನ್ನು ಬಿಡಬೇಕೆಂದರೆ ಬಾಯಿ ಮುಚ್ಚಿಕೊಂಡಿರಬೇಕೆಂದು ಅರ್ಥವಲ್ಲ. ಟೀಕೆ ಬೇರೆ, ಗೇಲಿ ಬೇರೆ. ಟೀಕೆ ಉತ್ತರವನ್ನು ಕೇಳುತ್ತದೆ, ಗೇಲಿಗೆ ನಗು ಸಾಕು. ಆಲಮಟ್ಟಿ ಜಲಾಶಯದ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿಯೇ ಒಪ್ಪಿಗೆ ನೀಡಿತ್ತು. ಅಂದಿನಿಂದ ಎಲ್ಲ ಪಕ್ಷಗಳೂ ರಾಜ್ಯವನ್ನು ಆಳಿವೆ. ಜಮೀನು ಕಳೆದುಕೊಳ್ಳುವ ರೈತ ವರ್ಷಾನುವರ್ಷ ಪರಿಹಾರಕ್ಕಾಗಿ ಅಲೆದದ್ದು ಯಾಕೆ? 2016ರಲ್ಲಿ ಚುನಾವಣೆ ನಡೆದ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು. ಬಳಿಕ ಬಿಜೆಪಿಯ ಆಡಳಿತದಲ್ಲಿಯೂ ಕಾಂಗ್ರೆಸ್‌ನ ಆಡಳಿತದಲ್ಲಿಯೂ ವರ್ಷಗಟ್ಟಲೆ ಅವು ಚುನಾಯಿತ ಸದಸ್ಯರಿಲ್ಲದೆ ಉಳಿದದ್ದು ಯಾಕೆ? 2023ರ ಮಾರ್ಚ್‌ನಲ್ಲಿ ಬೊಮ್ಮಾಯಿ ಸರಕಾರ ಮುಸ್ಲಿಮರ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ರದ್ದುಪಡಿಸಲು ಹೊರಟಾಗ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅದರ ಮೇಲೆ ಮತ ಕೇಳಿದವರಿಗೆ ನಾವು ಎಷ್ಟು ಬಾರಿ ಲೆಕ್ಕ ಕೇಳಿದ್ದೇವೆ? ಇಂತಹ ಪ್ರಶ್ನೆಗಳಿಗೆ ಯಾವ ನಾಯಕನೂ ಬೆವರುತ್ತಾನೆ. ಅವನನ್ನು ಹಾವೆಂದೋ ಹೆಬ್ಬೆಟ್ಟೆಂದೋ ಕರೆದರೆ, ತನ್ನನ್ನು ಅವಮಾನಿಸಿದರೆಂದು ಹೇಳಿ ಇನ್ನಷ್ಟು ಮತ ಪಡೆಯುತ್ತಾನೆ.

ಪವಿತ್ರ ಕುರ್‌ಆನಿನ ಅಲ್‌ಹುಜುರಾತ್ ಅಧ್ಯಾಯದ 11ನೆಯ ಸೂಕ್ತ ಒಂದು ಜನರು ಇನ್ನೊಂದು ಜನರನ್ನು ಅಪಹಾಸ್ಯ ಮಾಡುವುದನ್ನು ನಿಷೇಧಿಸುತ್ತದೆ, ಅಡ್ಡಹೆಸರಿಟ್ಟು ಕರೆಯುವುದನ್ನೂ ತಡೆಯುತ್ತದೆ. ಗಂಡಸರಿಗೊಮ್ಮೆ ಹೇಳಿ ಬಿಡದೆ ಹೆಂಗಸರನ್ನು ಪ್ರತ್ಯೇಕವಾಗಿ ಹೆಸರಿಸಿ ಮತ್ತೊಮ್ಮೆ ಹೇಳುತ್ತದೆ. ಮಸೀದಿಯಲ್ಲಿ ಇದರ ವ್ಯಾಖ್ಯಾನ ಕೇಳಿ ಬಂದವನು ಹೊರಗೆ ನಿಂತು ಎದುರು ಪಕ್ಷದವನ ಚಿತ್ರವನ್ನು ವಿಕಾರಗೊಳಿಸಿ ಹತ್ತು ಜನರಿಗೆ ಕಳುಹಿಸಿದರೆ, ಕೇಳಿದ್ದಕ್ಕೆ ಏನರ್ಥ? ಪ್ರಥಮ ಖಲೀಫಾ ಅಬೂಬಕರ್(ರ) ಅಧಿಕಾರ ವಹಿಸಿಕೊಂಡ ದಿನ ಜನರ ಮುಂದೆ ಮಾಡಿದ ಭಾಷಣ ಪ್ರಸಿದ್ಧವಾಗಿದೆ. ತಾನು ಅವರೆಲ್ಲರಿಗಿಂತ ಶ್ರೇಷ್ಠನಲ್ಲವೆಂದೂ, ಸರಿ ದಾರಿಯಲ್ಲಿ ನಡೆದರೆ ನೆರವಾಗಬೇಕೆಂದೂ, ತಪ್ಪಿದರೆ ತಿದ್ದಬೇಕೆಂದೂ ಅವರು ಕೇಳಿಕೊಂಡರು. ಹೊಸ ನಾಯಕನಿಗೂ ಅವನ ಜನರಿಗೂ ಇರಬೇಕಾದ ಸಂಬಂಧ ಇಷ್ಟೇ: ನೆರವು ಮತ್ತು ತಿದ್ದುಪಡಿ. ಅದರಲ್ಲಿ ಜೈಕಾರಕ್ಕೂ ಗೇಲಿಗೂ ಜಾಗವಿಲ್ಲ.

ಬಸವನ ಬಾಗೇವಾಡಿ ಬಸವಣ್ಣನವರ ಹೆಸರನ್ನು ಹೊತ್ತ ಊರು. ಮಾತಿನ ಶುದ್ಧಿಯನ್ನು ನಡತೆಯ ಶುದ್ಧಿಯೊಂದಿಗೆ ಜೋಡಿಸಿದ ಶರಣರ ನೆಲ ಇದು. ಹೀಗಿರುವಾಗ ನಾಲಿಗೆಯ ಸಂಯಮದ ಮಾತು ಈ ಜಿಲ್ಲೆಯ ಯಾವ ಮನೆಗೂ ಹೊಸದಲ್ಲ, ಪರರದ್ದೂ ಅಲ್ಲ. ಮುಂದೆ ಯಾವ ಚುನಾವಣೆ ಬಂದರೂ ಫಲಿತಾಂಶದ ಮರುದಿನ ನಮ್ಮ ಜಮಾಅತ್‌ಗಳ ಹಿರಿಯರು ಯುವಕರಿಗೆ ಎರಡು ಕೆಲಸ ಹಚ್ಚಲಿ. ಮೊದಲನೆಯದು, ಸೋತ ಪಕ್ಷಕ್ಕೆ ದುಡಿದ ನೆರೆಯವನ ಮನೆಗೆ ಹೋಗಿ ಒಂದು ಕಪ್ ಚಹಾ ಕುಡಿದು ಬರುವುದು. ಎರಡನೆಯದು, ಓಣಿಯ ಚರಂಡಿ, ಶಾಲೆಯ ಕೊಠಡಿ, ಕುಡಿಯುವ ನೀರಿನ ಬೇಡಿಕೆಗಳನ್ನು ಒಂದು ಹಾಳೆಯಲ್ಲಿ ಬರೆದು, ಎಲ್ಲ ಪಕ್ಷದವರ ಸಹಿ ಹಾಕಿಸಿ, ಗೆದ್ದವರ ಕೈಗೆ ಕೊಡುವುದು. ಸಹಿ ಬಾರದವರು ಹೆಬ್ಬೆಟ್ಟು ಒತ್ತಲಿ. ಆ ಗುರುತಿಗೂ ಒಂದು ಮತದಷ್ಟೇ ಬೆಲೆಯಿದೆ.